ಸಹಾಯ ಬೇಕು: ಕ್ಯಾಸ್ಕೇಡ್ ಆದಾಗ ಟ್ರಿಗರ್ ಓಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಊರಿನ ಹಾಲಿನ ಡೈರಿಗೆ ಮೈಎಸ್‌ಕ್ಯೂಎಲ್ 8 ಡೇಟಾಬೇಸ್‌ನಲ್ಲಿ ಲೆಕ್ಕದ ಪ್ರೋಗ್ರಾಂ ಮಾಡುತ್ತಿದ್ದೇನೆ. ಸದಸ್ಯರದ್ದು ಒಂದು ಟೇಬಲ್, ಅವರು ದಿನಾ ಹಾಕುವ ಹಾಲಿನದ್ದು ಇನ್ನೊಂದು. ಎರಡನ್ನೂ ಜೋಡಿಸುವ ಫಾರಿನ್ ಕೀಗೆ 'ಆನ್ ಡಿಲೀಟ್ ಕ್ಯಾಸ್ಕೇಡ್' ಕೊಟ್ಟಿದ್ದೇನೆ. ಸದಸ್ಯರನ್ನು ಅಳಿಸಿದರೆ ಅವರ ಹಾಲಿನ ಸಾಲುಗಳೂ ಹೋಗುತ್ತವೆ, ಅದೇನೋ ಸರಿ. ಆದರೆ ಹೋದ ಸಾಲುಗಳನ್ನು ಹಳೇ ದಾಖಲೆಗೆ ನಕಲು ಮಾಡಲು ಹಾಲಿನ ಟೇಬಲ್‌ಗೆ ಬರೆದ ಟ್ರಿಗರ್ (ಸಾಲು ಅಳಿಸಿದಾಗ ತಾನಾಗಿ ಓಡಬೇಕಾದ ಕೋಡ್) ಓಡುವುದೇ ಇಲ್ಲ! ಅದೇ ಸಾಲನ್ನು ನೇರವಾಗಿ ಅಳಿಸಿದರೆ ಓಡುತ್ತದೆ. ಅಳಿಸುವ ಮೊದಲು ಓಡುವ ಬಿಫೋರ್, ಅಳಿಸಿದ ಮೇಲೆ ಓಡುವ ಆಫ್ಟರ್ ಎರಡೂ ಹಾಕಿ ನೋಡಿದೆ. ಕ್ಯಾಸ್ಕೇಡ್‌ನಿಂದಾಗುವ ಡಿಲೀಟ್‌ಗೆ ಟ್ರಿಗರ್ ನಡೆಯುವುದಿಲ್ಲ ಎಂದು ಕೈಪಿಡಿಯಲ್ಲೇ ಇದೆ. (ಇದೆಂಥಾ ನಿಯಮವೋ!)

ಈಗ ಸದಸ್ಯರ ಟೇಬಲ್‌ನ ಬಿಫೋರ್ ಡಿಲೀಟ್ ಟ್ರಿಗರ್‌ನಲ್ಲೇ ನಕಲು ಮಾಡಿಕೊಳ್ಳಲಾ? ಇಲ್ಲ, ಕ್ಯಾಸ್ಕೇಡ್ ತೆಗೆದು ಎರಡೂ ಡಿಲೀಟ್‌ಗಳನ್ನು (ಆದರೆ ಎರಡೂ ಆಗಲಿ, ಇಲ್ಲದಿದ್ದರೆ ಯಾವುದೂ ಬೇಡ ಎನ್ನುವಂತೆ) ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಲಾ? ಸಾಲುಗಳು ಜಾಸ್ತಿಯಾದಾಗ ಯಾವುದು ಕ್ಷೇಮ?