ಪದಚರ್ಚೆ: ‘ಇನ್‌ಕಂಪ್ಯಾಟಿಬಲ್’ ಸಾಫ್ಟ್‌ವೇರ್: ಹೊಂದದ್ದೋ, ಒಗ್ಗದ್ದೋ, ಅಳವಡದ್ದೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆಯ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಹೊಸದಾಗಿ ಏನನ್ನೋ ಹಾಕಿದ ಮೇಲೆ ಕಂಪ್ಯೂಟರ್ ಕೈಕೊಟ್ಟರೆ ಅದನ್ನು ಸರಿಮಾಡಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ಓದುವವರು ಗ್ರಂಥಾಲಯದ ಮೇಲ್ವಿಚಾರಕರು, ಅಲ್ಲಿಗೆ ಬರುವ ಕಾಲೇಜು ಮಕ್ಕಳು. ಏನು ಮಾಡಬೇಕು ಅಂತ ಬರೆಯುವುದು ಕಷ್ಟವಾಗಲಿಲ್ಲ. ಯಾವ ಪದದಲ್ಲಿ ಬರೆಯಬೇಕು ಅನ್ನುವಲ್ಲಿ ಕೈ ನಿಂತಿದೆ. ತಪ್ಪು ಪದ ಬಿದ್ದರೆ ಓದಿದವರು ತಪ್ಪು ಗುಂಡಿ ಒತ್ತುತ್ತಾರೆ, ಇರುವ ಫೋಟೋ ಪತ್ರಗಳೆಲ್ಲ ಹೋಗಬಹುದು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ದೊಡ್ಡ ಪ್ರಶ್ನೆ. ‘ಇನ್‌ಕಂಪ್ಯಾಟಿಬಲ್’ ಅನ್ನುವುದಕ್ಕೆ ಏನು ಹೇಳೋಣ?

‘ಅಸಂಗತ’ ಬೇಡ. ಆ ಪದ ಕೇಳಿದರೆ ಅಸಂಗತ ನಾಟಕ ನೆನಪಾಗುತ್ತದೆ, ಕಂಪ್ಯೂಟರ್ ಅಲ್ಲ. ‘ಹೊಂದಾಣಿಕೆಯಾಗದ’ ಅನ್ನುವುದು ಹೆಚ್ಚು ಬಳಕೆಯಲ್ಲಿದೆ. ಅದರಲ್ಲೂ ಒಂದು ತೊಡಕು ಕಾಣುತ್ತದೆ. ಹೊಂದಾಣಿಕೆ ಅಂದರೆ ನಮ್ಮ ಮಾತಿನಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಮಾಡಿಕೊಳ್ಳುವಂಥದ್ದು. ಸೀಟು ಹೊಂದಾಣಿಕೆ, ಗಂಡ ಹೆಂಡತಿ ಹೊಂದಾಣಿಕೆ. ‘ಹೊಂದಾಣಿಕೆ ಇಲ್ಲ’ ಅಂತ ಓದಿದವರು, ಹಾಗಾದರೆ ಸೆಟ್ಟಿಂಗ್ಸ್‌ನಲ್ಲಿ ಎಲ್ಲೋ ಏನೋ ಬದಲಿಸಿದರೆ ಆದೀತು ಅಂತ ತಿಳಿಯುತ್ತಾರೆ. ಕೆಲವು ಸಲ ಅದು ನಿಜ ಕೂಡ. ವಿಂಡೋಸ್‌ನಲ್ಲಿ ಹಳೆಯ ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋದರೆ ಕಂಪ್ಯಾಟಿಬಿಲಿಟಿ ಅಂತ ಒಂದು ಪುಟವಿರುತ್ತದೆ. ಅಲ್ಲಿ ‘ಇದನ್ನು ವಿಂಡೋಸ್ 7ರಲ್ಲಿ ಓಡುವಂತೆ ಓಡಿಸು’ ಅಂತ ಹೇಳಬಹುದು. ಆದರೆ 16 ಬಿಟ್ ಕಾಲದ ತುಂಬ ಹಳೆಯ ಪ್ರೋಗ್ರಾಂ ಅನ್ನು ಇವತ್ತಿನ 64 ಬಿಟ್ ವಿಂಡೋಸ್ ಮೇಲೆ ಓಡಿಸಲು ಆ ಪುಟದಲ್ಲಿ ಏನು ಬದಲಿಸಿದರೂ ಆಗುವುದಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಅಲ್ಲಿ ಹೊಂದಾಣಿಕೆಯ ಮಾತೇ ಬರುವುದಿಲ್ಲ.

ಕಂಪ್ಯೂಟರ್ ಅಂಗಡಿಯಲ್ಲಿ ನಿಂತು ಕೇಳಿದರೆ ಬೇರೆಯದೇ ಮಾತು. ‘ಇದಕ್ಕೆ ಆ ಡ್ರೈವರ್ ಹಿಡಿಯಲ್ಲ ಸಾರ್’, ‘ತಗೋತಿಲ್ಲ’, ‘ಸೆಟ್ ಆಗಲ್ಲ’. (ಡ್ರೈವರ್ ಅಂದರೆ ಪ್ರಿಂಟರ್‌ನಂಥ ಸಾಧನವನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್.) ಮೂರೂ ಜೀವಂತ ಮಾತುಗಳು. ‘ಹಿಡಿಯಲ್ಲ’, ‘ತಗೋತಿಲ್ಲ’ ಅನ್ನುವುದು ಬಾಗಿಲಲ್ಲೇ ತಡೆಯುವ ಕಂಪ್ಯೂಟರ್‌ಗೆ ಸರಿ. ಹಾಕಲು ಹೋದಾಗಲೇ ಬೇಡ ಅನ್ನುತ್ತದೆ, ನಷ್ಟವೇನೂ ಇಲ್ಲ. ನನ್ನ ಕೈಪಿಡಿಗೆ ಬೇಕಾದದ್ದು ಅದರ ನಂತರದ ಕಥೆ. ಒಳಗೆ ಬಿಟ್ಟುಕೊಂಡಿತು, ಆಮೇಲೆ ಕೆಟ್ಟಿತು.

ಅದರಲ್ಲೂ ಎರಡು ಬಗೆ ಇದೆ. ಒಂದು, ಹೊಸದಾಗಿ ಬಂದದ್ದಕ್ಕೂ ಕಂಪ್ಯೂಟರ್‌ನ ವಿಂಡೋಸ್‌ಗೂ ಸರಿಬರುವುದಿಲ್ಲ. ಇನ್ನೊಂದು, ವಿಂಡೋಸ್‌ಗೆ ಎರಡೂ ಸರಿ, ಆದರೆ ಆ ಎರಡು ಸಾಫ್ಟ್‌ವೇರ್ ಒಂದಕ್ಕೊಂದು ಆಗುವುದಿಲ್ಲ. ಎರಡು ಆಂಟಿವೈರಸ್ ಒಟ್ಟಿಗೆ ಹಾಕಿದ ಕಂಪ್ಯೂಟರ್ ನೋಡಿರುತ್ತೀರಿ. ಒಂದು ಫೈಲ್ ತೆರೆದರೆ ಸಾಕು, ಎರಡೂ ಅದನ್ನು ತಪಾಸಣೆಗೆ ಹಿಡಿದುಕೊಳ್ಳುತ್ತವೆ. ಇದು ತೆರೆದದ್ದನ್ನು ಅದು ಪರೀಕ್ಷಿಸುತ್ತದೆ, ಅದು ತೆರೆದದ್ದನ್ನು ಇದು. ಮೌಸ್ ಓಡಾಡುತ್ತಿರುತ್ತದೆ, ಬೇರೆ ಏನೂ ಅಲುಗಾಡುವುದಿಲ್ಲ. ಇದೇ ಕಾರಣಕ್ಕೆ ಬೇರೆ ಆಂಟಿವೈರಸ್ ಬಂದರೆ ವಿಂಡೋಸ್‌ನ ಸ್ವಂತ ಡಿಫೆಂಡರ್ ಸಾಮಾನ್ಯವಾಗಿ ತಾನೇ ಹಿಂದೆ ಸರಿಯುತ್ತದೆ. ಎರಡು ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಒಟ್ಟಿಗೆ ಚಾಲೂ ಇದ್ದರೂ ಹೀಗೇ ಆಗುತ್ತದೆ. ಒತ್ತಿದ ಕೀಲಿಯನ್ನು ಇಬ್ಬರೂ ನಡುದಾರಿಯಲ್ಲೇ ಹಿಡಿಯಲು ನೋಡುತ್ತಾರೆ. ಒಮ್ಮೆ ಅಕ್ಷರ ಎರಡೆರಡು ಬೀಳುತ್ತದೆ, ಒಮ್ಮೆ ಬೀಳುವುದೇ ಇಲ್ಲ.

ಈ ಎರಡು ಬಗೆಗೆ ಕನ್ನಡದಲ್ಲಿ ಮೊದಲೇ ಎರಡು ಬೇರೆ ಮಾತಿವೆ ಅಂತ ನನಗನ್ನಿಸುತ್ತದೆ. ‘ಆ ಊರಿನ ನೀರು ನನಗೆ ಒಗ್ಗಲಿಲ್ಲ’ ಅನ್ನುತ್ತೇವೆ. ಇಲ್ಲಿ ‘ಗೆ’ ಒಂದೇ ಸಲ ಬರುತ್ತದೆ. ಹೊರಗಿನಿಂದ ಬಂದದ್ದು ಒಂದು, ಅದನ್ನು ತಾಳಿಕೊಳ್ಳಬೇಕಾದ ಮೈ ಒಂದು. ‘ಅವನಿಗೂ ಇವನಿಗೂ ಆಗಿಬರಲ್ಲ’ ಅನ್ನುವಾಗ ಎರಡೂ ಕಡೆ ‘ಗೂ’ ಬರುತ್ತದೆ. ಇಬ್ಬರೂ ಸಮ, ತಪ್ಪು ಯಾರದು ಅಂತ ಮಾತು ಹೇಳುವುದಿಲ್ಲ. ಹಾಗಾದರೆ ‘ಈ ಪ್ರಿಂಟರ್ ಡ್ರೈವರ್ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ’ ಅಂತಲೂ, ‘ಈ ಆಂಟಿವೈರಸ್‌ಗೂ ಆ ಆಂಟಿವೈರಸ್‌ಗೂ ಆಗಿಬರುವುದಿಲ್ಲ’ ಅಂತಲೂ ಬರೆಯಬಹುದಲ್ವಾ? ರಿಪೇರಿ ಕೂಡ ಅದಕ್ಕೆ ತಕ್ಕ ಹಾಗೆ ಬೇರೆಯಾಗುತ್ತದೆ. ಒಗ್ಗದ್ದನ್ನು ತೆಗೆಯಲೇಬೇಕು. ಆಗಿಬರದ ಎರಡರಲ್ಲಿ ಯಾವುದಾದರೂ ಒಂದನ್ನು ತೆಗೆದರೆ ಸಾಕು. ಪದ ನೋಡಿದರೇ ಏನು ಮಾಡಬೇಕು ಅಂತ ತಿಳಿಯುತ್ತದೆ. ಇದು ನನಗೆ ತುಂಬ ಹಿಡಿಸಿದೆ.

ಆದರೆ ತಲೆಬರಹಕ್ಕೆ, ಪಟ್ಟಿಗೆ ಒಂದು ವಿಶೇಷಣ ಬೇಕಾಗುತ್ತದೆ. ‘ಒಗ್ಗದ ಸಾಫ್ಟ್‌ವೇರ್’ ನಿಲ್ಲುತ್ತದೆ. ‘ಆಗಿಬರದ ಸಾಫ್ಟ್‌ವೇರ್’ ಅಂದರೆ ಅಪಶಕುನದ ವಾಸನೆ ಬರುತ್ತದೆ, ‘ಈ ಮನೆ ನಮಗೆ ಆಗಿಬರಲಿಲ್ಲ’ ಅನ್ನುತ್ತೇವಲ್ಲ, ಹಾಗೆ. ಇಲ್ಲೇ ನನಗೆ ‘ಅಳವಡು’ ಹೊಳೆದದ್ದು. ಪಂಪ್‌ಸೆಟ್ ಅಳವಡಿಸಿದರು, ಸಿಸಿ ಕ್ಯಾಮೆರಾ ಅಳವಡಿಸಿದರು ಅಂತ ಪತ್ರಿಕೆಯಲ್ಲಿ ದಿನಾ ಓದುತ್ತೇವೆ. ಅದು ‘ಇನ್‌ಸ್ಟಾಲ್’ಗೆ ಎಲ್ಲರಿಗೂ ಗೊತ್ತಿರುವ ಕನ್ನಡ. ಅದರ ಬೇರಿನಲ್ಲಿರುವ ‘ಅಳವಡು’ ಅಂದರೆ ತಕ್ಕುದಾಗಿ ಕೂಡಿಬರು, ಹೊಂದು. ವಚನಗಳಲ್ಲಿ ‘ಅಳವಡದು’ ಅನ್ನುವ ರೂಪ ಮತ್ತೆ ಮತ್ತೆ ಬರುತ್ತದೆ. ಅಳವಡಿಸುವುದು ನಮ್ಮ ಕೆಲಸ, ಅಳವಡುವುದು ಅದರ ಕೆಲಸ. ಅಳವಡಿಸಿದರೂ ಅಳವಡಲಿಲ್ಲ ಅಂದರೆ ಈ ಇಡೀ ತೊಂದರೆಯನ್ನು ಎರಡೇ ಮಾತಿನಲ್ಲಿ ಹೇಳಿದ ಹಾಗಾಯಿತು. ನನ್ನ ಪ್ರಶ್ನೆ: ‘ಅಳವಡದ ಸಾಫ್ಟ್‌ವೇರ್’ ಅಂದರೆ ಇವತ್ತಿನ ಹುಡುಗರಿಗೆ ಅರ್ಥವಾಗುತ್ತದೆಯೇ? ‘ಅಳವಡಿಸದ’ ಅಂತ ತಪ್ಪು ಓದಿಕೊಂಡರೆ ಅರ್ಥವೇ ತಲೆಕೆಳಗು. ನಡುವೆ ಇರುವುದು ಒಂದೇ ‘ಸ’ಕಾರ. ಆ ಅಂಜಿಕೆಯಿಂದ ‘ಒಗ್ಗದ’ ಕಡೆಗೇ ವಾಲುತ್ತಿದ್ದೇನೆ. ಮೇಷ್ಟ್ರಾಗಿರುವವರು ಮಕ್ಕಳನ್ನು ಕೇಳಿ ನೋಡಿ ಹೇಳಿದರೆ ಉಪಕಾರವಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಒಂದು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದವು, ವಿಮಾನಗಳು ನಿಂತವು. ಅದನ್ನೂ ಕೆಲವರು ಹೊಂದಾಣಿಕೆಯ ತೊಂದರೆ ಅಂದದ್ದುಂಟು. ಅದು ಹಾಗಲ್ಲ. ಅಲ್ಲಿ ಬಂದ ಫೈಲೇ ಕೆಟ್ಟದ್ದಾಗಿತ್ತು, ಯಾವ ವಿಂಡೋಸ್‌ಗೂ ಅದು ಒಳ್ಳೆಯದಾಗಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲನ್ನು ಅಳಿಸಿದರೆ ಕಂಪ್ಯೂಟರ್ ಎದ್ದು ಕೂರುತ್ತಿತ್ತು. ತೊಂದರೆ ಏನೆಂದರೆ ಎಷ್ಟೋ ಕಡೆ ಒಂದೊಂದು ಕಂಪ್ಯೂಟರ್ ಮುಂದೆಯೂ ಒಬ್ಬರು ಕೂತು ಇದನ್ನು ಕೈಯಾರೆ ಮಾಡಬೇಕಾಯಿತು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಹಾಕಿದ್ದ ಕಡೆ 48 ಅಂಕಿಯ ಕೀಲಿಯನ್ನೂ ಹುಡುಕಬೇಕಾಯಿತು. ಹಾಗಾಗಿ ‘ಒಗ್ಗದ್ದು’ ಮತ್ತು ‘ಕೆಟ್ಟದ್ದು’ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಳ್ಳೋಣ.

ಇನ್ನು ‘ಹಾಕು’. ಆಡುಮಾತಿನಲ್ಲಿ ಇದಕ್ಕಿಂತ ಸಲೀಸಾದ ಪದವಿಲ್ಲ, ಆದರೆ ಕೈಪಿಡಿಯಲ್ಲಿ ಕಾಡುತ್ತದೆ. ‘ಪೆನ್‌ಡ್ರೈವ್ ಹಾಕಿ, ಪಾಸ್‌ವರ್ಡ್ ಹಾಕಿ, ಸಾಫ್ಟ್‌ವೇರ್ ಹಾಕಿ, ಟಿಕ್ ಹಾಕಿ’: ನಾಲ್ಕು ಬೇರೆ ಕೆಲಸ, ಕ್ರಿಯಾಪದ ಒಂದೇ. ನಾನು ‘ಪೆನ್‌ಡ್ರೈವ್ ಚುಚ್ಚಿ, ಪಾಸ್‌ವರ್ಡ್ ಟೈಪ್ ಮಾಡಿ, ಸಾಫ್ಟ್‌ವೇರ್ ಅಳವಡಿಸಿ, ಟಿಕ್ ಮಾಡಿ’ ಅಂತ ಬದಲಿಸಿದ್ದೇನೆ. ಲಿನಕ್ಸ್‌ನ ಕನ್ನಡ ಅನುವಾದಗಳಲ್ಲಿ ‘ಅನುಸ್ಥಾಪಿಸು’ ಅಂತ ಇದೆ. ಮಾಡಿದವರ ಶ್ರಮಕ್ಕೆ ಗೌರವವಿದೆ, ಆದರೆ ಹಳ್ಳಿಯ ಗ್ರಂಥಾಲಯಕ್ಕೆ ಅದು ಭಾರ.

ತೆಗೆಯುವ ಪದದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ‘ಅಳಿಸಿ’ ಅಂತ ಬರೆದರೆ ಜನ ಪರದೆ ಮೇಲಿನ ಚಿತ್ರವನ್ನು ಆರಿಸಿ ಡಿಲೀಟ್ ಒತ್ತುತ್ತಾರೆ. ಚಿತ್ರ ಹೋಗುತ್ತದೆ, ಸಾಫ್ಟ್‌ವೇರ್ ಒಳಗೇ ಇರುತ್ತದೆ, ತೊಂದರೆಯೂ ಇರುತ್ತದೆ. ಕೆಲವರು ಫೋಲ್ಡರನ್ನೇ ಅಳಿಸುತ್ತಾರೆ. ಆಗ ಅರ್ಧ ಹೋಗಿ ಅರ್ಧ ಉಳಿದು ಮುಂದೆ ಸರಿಯಾಗಿ ತೆಗೆಯುವುದೂ ಕಷ್ಟವಾಗುತ್ತದೆ. ಹಾಗಾಗಿ ಫೈಲಿಗೆ ‘ಅಳಿಸು’, ಸಾಫ್ಟ್‌ವೇರ್‌ಗೆ ‘ತೆಗೆದುಹಾಕು’ ಅಂತ ಕಟ್ಟುನಿಟ್ಟಾಗಿ ಹಂಚಿದ್ದೇನೆ. ‘ಕಳಚು’ ಅನ್ನಬಹುದೇ? ಅಳವಡಿಸಿದ್ದನ್ನು ಕಳಚುವುದು ಅಂದರೆ ಜೋಡಿ ಚೆನ್ನಾಗಿ ಕೂರುತ್ತದೆ. ಆದರೆ ಕಳಚು ಅಂದರೆ ಬಿಡಿಭಾಗ ಬಿಚ್ಚುವುದು ಅಂತ ತಿಳಿದು ಯಾರಾದರೂ ಸ್ಕ್ರೂಡ್ರೈವರ್ ಹಿಡಿದರೆ ಕಷ್ಟ.

ಎಲ್ಲಕ್ಕಿಂತ ಅಪಾಯದ ಪದ ‘ಮರುಸ್ಥಾಪಿಸಿ’. ಇದನ್ನು ‘ರೀಸ್ಟೋರ್’ಗೂ ಬಳಸುತ್ತಾರೆ, ‘ರೀಇನ್‌ಸ್ಟಾಲ್’ಗೂ ಬಳಸುತ್ತಾರೆ. ಒಂದು ಹಿಂದಕ್ಕೆ ಹೋಗುವುದು, ಇನ್ನೊಂದು ಅದನ್ನೇ ಮತ್ತೆ ಹಾಕುವುದು. ಒಗ್ಗದ ಸಾಫ್ಟ್‌ವೇರ್‌ನಿಂದ ಕೆಟ್ಟ ಕಂಪ್ಯೂಟರ್ ಮುಂದೆ ಕೂತವರಿಗೆ ‘ಮರುಸ್ಥಾಪಿಸಿ’ ಅಂದರೆ, ತೊಂದರೆ ಕೊಟ್ಟದ್ದನ್ನೇ ಅವರು ಇನ್ನೊಮ್ಮೆ ಹಾಕಿಬಿಡಬಹುದು. ಈ ಪದವನ್ನು ಪೂರ್ತಿ ಬಿಟ್ಟಿದ್ದೇನೆ. ವಿಂಡೋಸ್‌ನ ಸಿಸ್ಟಮ್ ರೀಸ್ಟೋರ್ 2000ದಿಂದಲೂ ಇದೆ. ಅದು ನಿಮ್ಮ ಪತ್ರ, ಫೋಟೋಗಳನ್ನು ಮುಟ್ಟುವುದಿಲ್ಲ. ಗುರುತು ಹಾಕಿದ ದಿನದ ನಂತರ ಬಂದ ಸಾಫ್ಟ್‌ವೇರ್, ಡ್ರೈವರ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ. ಅದಕ್ಕೆ ‘ಹಿಂದಿನ ಸ್ಥಿತಿಗೆ ಮರಳಿಸು’ ಅಂತ ಬರೆದಿದ್ದೇನೆ. ‘ರೀಸ್ಟೋರ್ ಪಾಯಿಂಟ್’ಗೆ ಏನನ್ನೋಣ? ‘ಮರಳುಗುರುತು’ ಹೊಳೆಯಿತು. ಓದಿದವರಿಗೆ ಮರಳು, ಎಂ ಸ್ಯಾಂಡ್ ನೆನಪಾಗಬಾರದಷ್ಟೇ.

‘ಫಾರ್ಮ್ಯಾಟ್ ಹೊಡೀಬೇಕು’ ಅನ್ನುವುದು ಅಂಗಡಿಯವರ ಬಾಯಲ್ಲಿ ಡಿಸ್ಕ್ ಒರೆಸಿ ಹೊಸದಾಗಿ ವಿಂಡೋಸ್ ಹಾಕುವುದಕ್ಕೆಲ್ಲ ಸೇರಿ ಒಂದೇ ಮಾತು. ಕೇಳಿದವರಿಗೆ ಅದು ಒಂದು ದೊಡ್ಡ ಸರ್ವೀಸಿಂಗ್ ಅನ್ನಿಸುತ್ತದೆ, ಎಲ್ಲ ಹೋಗುತ್ತದೆ ಅಂತ ಅನ್ನಿಸುವುದಿಲ್ಲ. ಪದ ಹಾಗೇ ಇರಲಿ, ಆದರೆ ಪಕ್ಕದಲ್ಲೇ ‘ಇದರಿಂದ ನಿಮ್ಮ ಫೈಲ್‌ಗಳೆಲ್ಲ ಹೋಗುತ್ತವೆ, ಮೊದಲು ನಕಲು ತೆಗೆದಿಡಿ’ ಅಂತ ದಪ್ಪಕ್ಷರದಲ್ಲಿ ಹಾಕುತ್ತಿದ್ದೇನೆ.

‘ಸೇಫ್ ಮೋಡ್’ ಅನ್ನು ಹಾಗೇ ಬಿಟ್ಟಿದ್ದೇನೆ. ಪರದೆ ಮೇಲೆ ಕಾಣುವುದು ಆ ಹೆಸರೇ, ಅದನ್ನು ಬದಲಿಸಿದರೆ ಓದುಗರು ಹುಡುಕುತ್ತಾ ಕೂರಬೇಕು. ‘ಸುರಕ್ಷಿತ ಸ್ಥಿತಿ’ ಅಂದರೆ ವೈರಸ್‌ನಿಂದ ಸುರಕ್ಷಿತ ಅಂದುಕೊಳ್ಳುತ್ತಾರೆ. ಅದರ ಅರ್ಥ ಇಷ್ಟೇ, ವಿಂಡೋಸ್ ತನಗೆ ಬೇಕೇ ಬೇಕಾದಷ್ಟನ್ನು ಮಾತ್ರ ಎಬ್ಬಿಸಿಕೊಂಡು ಏಳುತ್ತದೆ. ನಾವು ಹಾಕಿದ್ದರಲ್ಲಿ ಹೆಚ್ಚಿನದು ಮಲಗಿಯೇ ಇರುತ್ತದೆ. ‘ಡ್ರೈವರ್’ಗೆ ‘ಚಾಲಕ’ ಕೂಡ ಬೇಡ ಅನ್ನಿಸಿತು. ‘ಹಳೆಯ ಚಾಲಕನನ್ನು ತೆಗೆದುಹಾಕಿ’ ಅಂದರೆ ಸಾರಿಗೆ ಸಂಸ್ಥೆಯ ಆದೇಶವಾಗುತ್ತದೆ. ‘ಚಾಲಕವನ್ನು’ ಅಂದರೆ ವ್ಯಾಕರಣ ಸರಿ, ಕಿವಿಗೆ ಹಿತವಿಲ್ಲ.

ನಮ್ಮ ಭಾಷೆಗೇ ಸಂಬಂಧಪಟ್ಟ ಒಂದು ತೊಂದರೆಗೆ ಹೆಸರೇ ಸಿಕ್ಕಿಲ್ಲ. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಪದ್ಧತಿ) ಬರುವ ಮೊದಲಿನ ಟೈಪಿಂಗ್ ಸಾಫ್ಟ್‌ವೇರ್ ಒಗ್ಗಲಿಲ್ಲ ಅಂತ ತೆಗೆದರೆ ಅದರ ಫಾಂಟ್ ಕೂಡ ಹೋಗಬಹುದು. ಆಮೇಲೆ ಹಳೆಯ ಪತ್ರ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಫೈಲ್ ಕೆಟ್ಟಿತು ಅಂತ ಅಳಿಸಿಬಿಡುತ್ತಾರೆ. ಫೈಲಿಗೆ ಏನೂ ಆಗಿರುವುದಿಲ್ಲ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದವು. ಫಾಂಟ್ ವಾಪಸ್ ಹಾಕಿದರೆ ಬರಹ ಮತ್ತೆ ಕಾಣುತ್ತದೆ, ಯೂನಿಕೋಡ್‌ಗೆ ಬದಲಿಸಿಟ್ಟರೆ ಮುಂದೆ ಈ ತಾಪತ್ರಯವೇ ಇರುವುದಿಲ್ಲ. ಕೆಟ್ಟಂತೆ ಕಂಡರೂ ಕೆಡದ ಈ ಸ್ಥಿತಿಗೆ ಒಂದು ಪದ ಬೇಕು. ಟೈಪಿಂಗ್ ಅಂಗಡಿ, ಪ್ರೆಸ್‌ಗಳಲ್ಲಿ ಕೆಲಸ ಮಾಡಿದವರು ಇದಕ್ಕೆ ಏನನ್ನುತ್ತಿದ್ದರು? ದಯವಿಟ್ಟು ತಿಳಿಸಿ.

ಉತ್ತರ ಕರ್ನಾಟಕದವರಲ್ಲಿ ಇನ್ನೊಂದು ಕೋರಿಕೆ. ‘ಒಗ್ಗಂಗಿಲ್ಲ’ ನಿಮ್ಮ ಕಡೆ ಯಂತ್ರಕ್ಕೂ ಸಲ್ಲುತ್ತದೆಯೋ, ಬರೀ ನೀರು, ಊಟ, ಹವೆಗಷ್ಟೇ ಉಳಿದಿದೆಯೋ? ಕರಾವಳಿಯವರೂ ಹೇಳಿ.

ಕರಡಿನ ಒಂದು ತುಣುಕು ಕೆಳಗಿದೆ. ಪದ ಪದವನ್ನೂ ತಿದ್ದಿ, ಮುಲಾಜು ಬೇಡ:

‘ಹೊಸ ಸಾಫ್ಟ್‌ವೇರ್ ಅಳವಡಿಸಿದ ಮೇಲೆ ಕಂಪ್ಯೂಟರ್ ನಿಂತುಹೋಗುತ್ತಿದೆಯೇ? ಅದು ನಿಮ್ಮ ವಿಂಡೋಸ್‌ಗೆ ಒಗ್ಗದೆ ಇರಬಹುದು, ಇಲ್ಲವೇ ಮೊದಲೇ ಇದ್ದ ಇನ್ನೊಂದಕ್ಕೂ ಅದಕ್ಕೂ ಆಗಿಬರದೆ ಇರಬಹುದು. ಶಿಫ್ಟ್ ಕೀಲಿ ಒತ್ತಿ ಹಿಡಿದು ರೀಸ್ಟಾರ್ಟ್ ಆರಿಸಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾಟಿ ಮತ್ತೊಮ್ಮೆ ರೀಸ್ಟಾರ್ಟ್ ಒತ್ತಿ. ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್. ಇಲ್ಲಿ ಕಂಪ್ಯೂಟರ್ ಸರಿಯಾಗಿ ನಡೆದರೆ ತೊಂದರೆ ಆಮೇಲೆ ಬಂದದ್ದರಲ್ಲೇ ಇರುವ ಸಾಧ್ಯತೆ ಜಾಸ್ತಿ. ಕೊನೆಗೆ ಅಳವಡಿಸಿದ್ದನ್ನು ಮೊದಲು ತೆಗೆದುಹಾಕಿ. ಕೆಲವು ಸಾಫ್ಟ್‌ವೇರ್ ಸೇಫ್ ಮೋಡ್‌ನಲ್ಲಿ ಹೊರಗೆ ಬರಲು ಒಪ್ಪುವುದಿಲ್ಲ. ಆಗ ಹಿಂದಿನ ಸ್ಥಿತಿಗೆ ಮರಳಿಸಿ. ಫಾರ್ಮ್ಯಾಟ್ ಕೊನೆಯ ದಾರಿ.’

ವಂದನೆಗಳು.