ಅಪ್ಪನ ಎಕೋ ರಿಪೋರ್ಟ್ ಇನ್ನೂ ಕೊಟ್ಟಿಲ್ಲ, ಭಯವಾಗುತ್ತಿದೆ

ಪ್ರಶ್ನೆ: ಮೆಟ್ಟಿಲು ಹತ್ತಿದರೆ ಅಪ್ಪನಿಗೆ ಏದುಸಿರು ಬರುತ್ತಿತ್ತು, ಸೋಮವಾರ ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಿದೆವು. ಫೋನ್ ಮಾಡ್ತೀವಿ ಅಂದವರು ಇನ್ನೂ ಮಾಡಿಲ್ಲ. ತಡವಾದರೆ ಏನೋ ಕೆಟ್ಟದ್ದಿದೆ ಅಂತಲೇ? ಅಮ್ಮ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ.

ಉತ್ತರ: ಹಾಗೇನಿಲ್ಲ. ಎಕೋ ರಿಪೋರ್ಟ್ ಎಷ್ಟೋ ಕಡೆ ಅದೇ ದಿನ ಸಿಗುತ್ತದೆ, ಡಾಕ್ಟರ್ ಸಹಿಗೆ ನಿಂತಿರಬಹುದು. ಸುಮ್ನೆ ಕಾಯಬೇಡಿ, ಬಿಲ್ ಹಿಡಿದುಕೊಂಡು ನೇರ ಹೋಗಿ ಕೇಳಿ.

ಉತ್ತರ: ರಿಪೋರ್ಟಿನಲ್ಲಿ ಇಎಫ್ ಅಂತ ಇರುತ್ತದೆ, ಅಂದರೆ ಹೃದಯದ ಎಡ ಕೋಣೆ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಅಂತ. 60 ಇದ್ದರೆ ಚೆನ್ನಾಗಿದೆ ಅಂತಲೇ ಅರ್ಥ, 100 ಯಾರಿಗೂ ಇರುವುದಿಲ್ಲ. ಕವಾಟಗಳ ಬಗ್ಗೆಯೂ ಕೇಳಿ.

ಉತ್ತರ: ಎದೆನೋವು, ತಣ್ಣನೆ ಬೆವರು, ಮಲಗಿದರೆ ಉಸಿರು ಕಟ್ಟುವುದು ಶುರುವಾದರೆ ರಿಪೋರ್ಟ್ ಕಾಯಲೇಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಅಮ್ಮನಿಗೆ ಊಟ ಮಾಡಿಸಿ ಮೊದಲು.