ಸಹಾಯ ಬೇಕು: 499 ರೂಪಾಯಿಯ ವಿಂಡೋಸ್ ಕೀ ನಂಬಬಹುದೇ?

ಎಲ್ಲರಿಗೂ ನಮಸ್ಕಾರ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ನಮ್ಮ ಡಿಟಿಪಿ ಅಂಗಡಿಗೆ ಹೊಸದಾಗಿ ಜೋಡಿಸಿದ ಕಂಪ್ಯೂಟರಿಗೆ ವಿಂಡೋಸ್ 11 ಪ್ರೊ ಹಾಕಿಸಬೇಕಾಗಿದೆ. ಆನ್‌ಲೈನ್ ಮಾರಾಟಗಾರರೊಬ್ಬರು ಅದರ ‘ಲೈಫ್‌ಟೈಮ್’ ಕೀಯನ್ನು (ವಿಂಡೋಸನ್ನು ಆಕ್ಟಿವೇಟ್ ಮಾಡುವ ಪರವಾನಗಿ ಸಂಕೇತವನ್ನು) ಕೇವಲ 499 ರೂಪಾಯಿಗೆ ಕೊಡುತ್ತೇನೆನ್ನುತ್ತಾರೆ. ಜಿಎಸ್‌ಟಿ ಬಿಲ್ ಕೇಳಿದರೆ ಮಾತು ತೇಲಿಸುತ್ತಾರೆ; ಹಣವನ್ನೂ ಯಾರದೋ ವೈಯಕ್ತಿಕ ಯುಪಿಐಗೆ ಕಳಿಸಬೇಕಂತೆ. ದೊಡ್ಡ ಸಂಸ್ಥೆಗಳಿಗೆಂದು ಕೊಟ್ಟ ವಾಲ್ಯೂಮ್ ಕೀಗಳನ್ನು ಬಿಡಿಬಿಡಿಯಾಗಿ ಮಾರುವವರಿದ್ದಾರೆಂದೂ, ಅಂಥದ್ದು ಇಂದು ಆಕ್ಟಿವೇಟ್ ಆದರೂ ಮುಂದೊಮ್ಮೆ ಮೈಕ್ರೋಸಾಫ್ಟ್ ಅದನ್ನು ರದ್ದುಪಡಿಸಬಹುದೆಂದೂ ಬಲ್ಲೆ. ಕೀ ಹಾಕಿದ ಮೇಲಾದರೆ ಅದು ರಿಟೇಲೋ (ಬಿಡಿ ಗ್ರಾಹಕರಿಗೆಂದು ಮಾರುವಂಥದ್ದೋ) ವಾಲ್ಯೂಮೋ ಎಂದು ಕಮಾಂಡ್ ಕೊಟ್ಟು ನೋಡಬಹುದು, ಆದರೆ ಅಷ್ಟರಲ್ಲಿ ಹಣ ಕೈಬಿಟ್ಟಿರುತ್ತದೆ. ಮೊದಲೇ ಪರಿಶೀಲಿಸುವ ದಾರಿ ತಿಳಿದವರು, ಮುಖ್ಯವಾಗಿ ಇಂಥ ಕೀಯನ್ನು ವರ್ಷಕ್ಕಿಂತ ಹೆಚ್ಚು ಕಾಲ ಬಳಸಿ ನೋಡಿದವರು, ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.